ತಿಳಿನೀರು

ನಮ್ಮ ಭಾಷೆಯಲ್ಲಿ ‘ತಿಳಿ’ ಎಂಬುದೊಂದು ಸೊಗಸಾದ ಪದ. ಕೆಸರು ತಳಕ್ಕಿಳಿದು ಸ್ವಚ್ಛವಾದ ನೀರು ತಿಳಿನೀರು. ಬೇಳೆ ತಳದಲ್ಲಿ ನಿಂತ ಮೇಲೆ ಬಗ್ಗಿಸಿಕೊಂಡ ಕಟ್ಟಿನಿಂದ ಮಾಡಿದ ಸಾರು ತಿಳಿಸಾರು. ಮೋಡ ಚದುರಿದ ಆಕಾಶ ತಿಳಿಯಾದ ಆಕಾಶ. ಒಂದು ವಿಷಯ ಮನಸ್ಸಿಗೆ ಗೊತ್ತಾದರೆ ಅದನ್ನೂ ನಾವು ‘ತಿಳಿಯಿತು’ ಎಂದೇ ಹೇಳುತ್ತೇವೆ. ನೀರಿಗೂ ಅರಿವಿಗೂ ಒಂದೇ ಮಾತನ್ನು ಬಳಸಿದ ನಮ್ಮ ಹಿರಿಯರು ಸಾಮಾನ್ಯರಲ್ಲವೆಂದು ಮೂವತ್ತನಾಲ್ಕು ವರ್ಷಗಳ ಕಾಲ ತರಗತಿಗಳಲ್ಲಿ ಹೇಳುತ್ತಲೇ ಬಂದೆ. ಆದರೆ ಆ ಮಾತಿನ ಅರ್ಥ ನನಗೇ ತಿಳಿದದ್ದು ನಿವೃತ್ತನಾದ ಮೇಲೆ; ಅದನ್ನು ತಿಳಿಸಿದ್ದು ನಮ್ಮ ಹೊಲದ ಒಂದು ಹೊಂಡ.

ತುಮಕೂರು ಜಿಲ್ಲೆಯ ಕೆಂಪುಮಣ್ಣಿನ ಹಳ್ಳಿಯೊಂದು ನನ್ನ ಊರು. 2018ರಲ್ಲಿ ನಿವೃತ್ತನಾದವನೇ ಅಲ್ಲಿಗೆ ಹಿಂತಿರುಗಿದೆ. ತಂದೆಯವರ ಕಾಲದ ನಾಲ್ಕು ಎಕರೆ ಹೊಲವಿತ್ತು. ರಾಗಿ, ಹುರುಳಿ, ಕಡಲೆಕಾಯಿ ಬೆಳೆಯುವ ಇಳಿಜಾರಿನ ನೆಲ. ಮಳೆಯ ನೀರೆಲ್ಲ ಹೊಲದಲ್ಲಿ ನಿಲ್ಲದೆ ಹರಿದು ಹಳ್ಳ ಸೇರುತ್ತಿತ್ತು. ಅದನ್ನು ತಡೆಯಬೇಕೆಂದು 2019ರ ಬೇಸಗೆಯಲ್ಲಿ ತಗ್ಗಿನ ಮೂಲೆಯಲ್ಲಿ ಒಂದು ಕೃಷಿಹೊಂಡ ತೆಗೆಸಿದೆ. ಉದ್ದ ಹತ್ತು ಮೀಟರು, ಅಗಲ ಹತ್ತು ಮೀಟರು. ತುಂಬಿದಾಗ ಸರಾಸರಿ ಎರಡು ಮೀಟರು ನೀರು. ನೀರು ಇಂಗಿಹೋಗದಿರಲೆಂದು ಕೆರೆಯ ಗೋಡುಮಣ್ಣನ್ನು ತರಿಸಿ ತಳಕ್ಕೂ ದಡಕ್ಕೂ ಮೆತ್ತಿಸಿದೆ.

ಮುಂಗಾರು ಬಂತು; ಹೊಂಡ ತುಂಬಿತು. ಆದರೆ ನಾನು ಕನಸು ಕಂಡಿದ್ದ ತಿಳಿಗೊಳ ಅದಾಗಿರಲಿಲ್ಲ. ನೀರಿನ ಬಣ್ಣ ಹಾಲು ಹೆಚ್ಚಾದ ಚಹಾದಂತಿತ್ತು. ಇಂದು ತಿಳಿಯಾದೀತು, ನಾಳೆ ತಿಳಿಯಾದೀತು ಎಂದು ಕಾದೆ. ತಿಂಗಳು ಕಳೆದರೂ ಬಗ್ಗಡ ಬಗ್ಗಡವಾಗಿಯೇ ಉಳಿಯಿತು. “ಮೇಷ್ಟ್ರ ಹೊಂಡಕ್ಕೆ ಇನ್ನು ಸಕ್ಕರೆಯೊಂದು ಹಾಕಬೇಕು” ಎಂದು ದಾರಿಹೋಕರು ನಗುತ್ತಿದ್ದರು. ಅವರೊಡನೆ ನಾನೂ ನಗುತ್ತಿದ್ದೆ, ಒಳಗೊಳಗೇ ಮುಜುಗರಪಡುತ್ತಿದ್ದೆ.

ಮರುವರ್ಷ, ಎಂದರೆ 2020ರಲ್ಲಿ, ಸಾಂಕ್ರಾಮಿಕ ರೋಗದಿಂದಾಗಿ ಶಾಲೆಗಳೆಲ್ಲ ಮುಚ್ಚಿದವು. ಬೆಂಗಳೂರಿನಲ್ಲಿದ್ದ ಒಂಬತ್ತು ವರ್ಷದ ಮೊಮ್ಮಗಳು ನಮ್ಮಲ್ಲಿಗೆ ಬಂದು ಉಳಿದಳು. ಆಗಸ್ಟ್ ತಿಂಗಳಲ್ಲಿ ಅವಳ ಕೈಯಿಂದಲೇ ಹೊಂಡಕ್ಕೆ ನೂರು ಮೀನುಮರಿಗಳನ್ನು ಬಿಡಿಸಿದೆ; ಕಾಟ್ಲಾ, ರೋಹು, ಸಾಮಾನ್ಯ ಗೆಂಡೆ. ಬಿಡುವಾಗ ನಾಲ್ಕಾರಕ್ಕೆ ಹೆಸರುಗಳನ್ನೂ ಇಟ್ಟಳು. ಆದರೆ ಬಿಟ್ಟ ಗಳಿಗೆಯಲ್ಲಿ ಕಂಡ ಮೀನುಗಳು ಆಮೇಲೆ ಕಾಣಲಿಲ್ಲ. ದಿನವೂ ಸಂಜೆ ದಡದ ಮೇಲೆ ಕುಳಿತು, ಆ ಕೆಂಪುನೀರನ್ನು ದಿಟ್ಟಿಸಿ, “ತಾತ, ಅವು ಇವೆಯೋ ಇಲ್ಲವೋ?” ಎಂದು ಕೇಳುತ್ತಿದ್ದಳು. “ಇವೆ ಮಗು, ನಾಲ್ಕು ದಿನ ತಾಳು, ತೋರಿಸುತ್ತೇನೆ” ಎನ್ನುತ್ತಿದ್ದೆ. ಹೀಗೆ ಹಲವು ನಾಲ್ಕು ದಿನಗಳು ಕಳೆದವು.

ನನ್ನ ತಾಯಿ ನೀರನ್ನು ತಿಳಿ ಮಾಡುತ್ತಿದ್ದ ಬಗೆ ನೆನಪಾಯಿತು. ಬಾವಿಯ ನೀರು ಕದಡಿದಾಗ ಆಕೆ ಚಿಲ್ಲದ ಬೀಜವನ್ನು ಮಡಕೆಯ ಒಳಮೈಗೆ ತೇಯ್ದು ನೀರು ತುಂಬುತ್ತಿದ್ದಳು. ಬೆಳಗಾಗುವುದರೊಳಗೆ ಮಣ್ಣು ತಳದಲ್ಲಿರುತ್ತಿತ್ತು. ಈ ಬೀಜವನ್ನೇ ಸಂಸ್ಕೃತದಲ್ಲಿ ಕತಕವೆನ್ನುತ್ತಾರೆ. ಕದಡಿದ ನೀರನ್ನು ತಿಳಿಗೊಳಿಸುವ ವಸ್ತುಗಳಲ್ಲಿ ಸುಶ್ರುತ ಸಂಹಿತೆ ಅದನ್ನೂ ಹೆಸರಿಸಿದೆ. ಬೀಜ ಸಿಗದ ದಿನ ತಾಯಿ ಪಟಿಕದ ಹರಳೊಂದನ್ನು ನೀರಿನಲ್ಲಿ ಎರಡು ಸುತ್ತು ತಿರುಗಿಸಿ ತೆಗೆದುಬಿಡುತ್ತಿದ್ದಳು. ಎರಡೇ ಸುತ್ತು! ಆ ಎರಡು ಸುತ್ತಿನ ಲೆಕ್ಕವನ್ನು ನಾನು ಗಮನಿಸದೆ ಹೋದೆ. ಪಟಿಕದ ಹೆಸರನ್ನು ಮಾತ್ರ ನೆನಪಿಟ್ಟುಕೊಂಡೆ.

ಸೆಪ್ಟೆಂಬರಿನ ಒಂದು ದಿನ ಪೇಟೆಗೆ ಹೋಗಿ ಇಪ್ಪತ್ತೈದು ಕೆ.ಜಿ. ಪಟಿಕದ ಮೂಟೆ ತಂದೆ. ಕೊಡಕ್ಕೆ ಒಂದು ಹರಳಾದರೆ ಹೊಂಡಕ್ಕೆ ಒಂದು ಮೂಟೆ. ಇದೇ ನನ್ನ ಗಣಿತ. ಮೊಮ್ಮಗಳು ಮಲಗಿದ ಮೇಲೆ, ಬೆಳಿಗ್ಗೆ ಅವಳನ್ನು ಬೆರಗುಗೊಳಿಸಬೇಕೆಂಬ ಹುರುಪಿನಿಂದ, ಅದನ್ನೆಲ್ಲ ತೊಟ್ಟಿಯಲ್ಲಿ ಕರಗಿಸಿ ಸುತ್ತಲೂ ಸುರಿದು ಬಂದೆ.

ಬೆಳಕು ಹರಿಯುವಾಗ ಹೋಗಿ ನೋಡಿದೆ. ನೀರು ತಿಳಿಯಾಗಿತ್ತು, ತಳದಲ್ಲಿ ಬಿದ್ದಿದ್ದ ಕಲ್ಲುಗಳನ್ನು ಎಣಿಸಬಹುದಾಗಿತ್ತು. ಮೀನುಗಳೂ ಕಂಡವು. ಅವು ಬಿಳಿಯ ಹೊಟ್ಟೆಯನ್ನು ಮೇಲೆ ಮಾಡಿಕೊಂಡು ತೇಲುತ್ತಿದ್ದವು.

ನಾನು ಅವನ್ನು ಹೊರಗೆ ತೆಗೆದು ಮುಗಿಸುವಷ್ಟರಲ್ಲಿ ಮೊಮ್ಮಗಳು ಬಂದಳು. ಬಹಳ ಹೊತ್ತು ಅತ್ತಳು. ತೆಂಗಿನಮರದ ಬುಡದಲ್ಲಿ ಗುಂಡಿ ತೋಡಿ ಇಬ್ಬರೂ ಸೇರಿ ಅವನ್ನು ಮುಚ್ಚಿದೆವು. “ಏನಾಯಿತು ತಾತ?” ಎಂದು ಕೇಳಿದಳು. “ಏನೋ ರೋಗ ತಗುಲಿರಬೇಕು, ಮಗು” ಎಂದೆ. ಆ ಮಾತು ನನ್ನ ಬಾಯಿಂದ ಅಷ್ಟು ಸರಾಗವಾಗಿ ಹೇಗೆ ಬಂತೆಂದು ಇಂದಿಗೂ ಆಶ್ಚರ್ಯಪಡುತ್ತೇನೆ. ಊರೆಲ್ಲ ರೋಗದ ಮಾತೇ ತುಂಬಿದ್ದ ಕಾಲವದು. ಅವಳು ನಂಬಿದಳು, ಅಥವಾ ನಂಬಿದಂತೆ ಸುಮ್ಮನಾದಳು. ಸುಳ್ಳು ಹೇಳಬಾರದೆಂದು ಎಷ್ಟು ಮಕ್ಕಳಿಗೆ ಬರೆಸಿ ತಿದ್ದಿಸಿದ ಕೈಯಲ್ಲಿ ಆಗ ಮಣ್ಣು ಮೆತ್ತಿಕೊಂಡಿತ್ತು.

ಅಕ್ಟೋಬರಿನಲ್ಲಿ ಹಿಂಗಾರಿನ ಮಳೆ ಬಿದ್ದು ಹೊಂಡಕ್ಕೆ ಮತ್ತೆ ಕೆಂಪುನೀರು ನುಗ್ಗಿತು. ಮತ್ತೆ ಅದೇ ಬಗ್ಗಡ. ಆ ವರ್ಷದ ಕೊನೆಗೆ ಮೊಮ್ಮಗಳು ಬೆಂಗಳೂರಿಗೆ ಹಿಂತಿರುಗಿದಳು. ಅದಕ್ಕೆ ಸ್ವಲ್ಪ ಮುಂಚೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ನಮ್ಮನ್ನು ನೋಡಲು ಬಂದಿದ್ದಳು. ಈಗ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಾಳೆ. ಒಂಬತ್ತನೆಯ ತರಗತಿಯಲ್ಲಿದ್ದಾಗ, ನಾನು ‘ತಿಳಿ’ ಪದವನ್ನು ವರ್ಣಿಸುತ್ತಿದ್ದ ಹೊತ್ತಿನಲ್ಲಿ, ಅವಳು ಎದ್ದುನಿಂತು, “ಸಾರ್, ಕೆಲವು ನೀರು ಬೇಗ ತಿಳಿಯಾಗುತ್ತದೆ, ಕೆಲವು ಆಗುವುದೇ ಇಲ್ಲ, ಏಕೆ?” ಎಂದು ಕೇಳಿದ್ದಳು. “ಇದು ಕನ್ನಡದ ಪೀರಿಯಡ್ಡು, ವಿಜ್ಞಾನದ ಮೇಷ್ಟ್ರನ್ನು ಕೇಳು, ಕೂತುಕೋ” ಎಂದು ಗದರಿದ್ದೆ. ಅವಳು ಅದನ್ನು ಮರೆತಿದ್ದಳು. ನಾನು ಮರೆತಿರಲಿಲ್ಲ. ಅದೇ ಪ್ರಶ್ನೆಯನ್ನು ಈಗ ನಾನು ಅವಳಿಗೆ ಕೇಳಬೇಕಾಯಿತು, ನಡೆದುದನ್ನೆಲ್ಲ ಹೇಳಬೇಕಾಯಿತು.

“ಮೊದಲು ನೀರನ್ನು ಕೇಳೋಣ ಸಾರ್” ಎಂದು ಅವಳು ಗಾಜಿನ ಬಾಟಲಿಯೊಂದರಲ್ಲಿ ಹೊಂಡದ ನೀರು ತುಂಬಿ ಕಿಟಕಿಯಲ್ಲಿಟ್ಟಳು. ಒಂದು ರಾತ್ರಿಯಲ್ಲಿ ತಳಕ್ಕಿಳಿದರೆ ಅದು ದಪ್ಪಕಣದ ಮಣ್ಣು. ಮಳೆ ನಿಂತರೆ ತಾನಾಗಿ ತಿಳಿಯಾಗುತ್ತದೆ. ನೀರು ಹಸಿರಾಗಿದ್ದರೆ ಅದು ಮಣ್ಣಲ್ಲ, ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ. ವಾರ ಕಳೆದರೂ ಕೆಂಪಾಗಿಯೇ ಉಳಿದರೆ ಅದು ಜೇಡಿಯ ಕಣ. ನಮ್ಮದು ವಾರ ಕಳೆದರೂ ಹಾಗೆಯೇ ಇತ್ತು.

ಮುಂದಿನ ಭಾನುವಾರ ಮತ್ತೆ ಬಂದು ಅವಳು ವಿವರಿಸಿದಳು. ಜೇಡಿಯ ಒಂದು ಕಣ ಮಿಲಿಮೀಟರಿನ ಐನೂರರಲ್ಲೊಂದು ಭಾಗಕ್ಕಿಂತ ಚಿಕ್ಕದು. ಅಷ್ಟು ಹಗುರವಾದುದು ಸುಲಭವಾಗಿ ಮುಳುಗುವುದಿಲ್ಲ. ಅದರ ಜೊತೆಗೆ ಈ ಕಣಗಳ ಮೈಮೇಲೆಲ್ಲ ಋಣ ವಿದ್ಯುದಂಶವಿರುತ್ತದೆ. ಒಂದೇ ಬಗೆಯ ವಿದ್ಯುದಂಶಗಳು ಒಂದನ್ನೊಂದು ದೂರ ತಳ್ಳುತ್ತವೆಂದು ನೀವು ಓದಿದ್ದೀರಿ. ಬೆಂಚಿನ ಮೇಲೆ ಒಬ್ಬರನ್ನೊಬ್ಬರು ನೂಕಾಡುವ ಹುಡುಗರು ಯಾರೂ ಕುಳಿತುಕೊಳ್ಳಲಾರರಷ್ಟೆ. ಹಾಗೆಯೇ ಈ ಕಣಗಳು ತಮ್ಮ ನೂಕಾಟದಲ್ಲಿ ಒಟ್ಟುಗೂಡಲಾರವು, ತಳ ಸೇರಲಾರವು. ಪಟಿಕದಲ್ಲಿರುವ ಅಲ್ಯೂಮಿನಿಯಂ ಅಯಾನಿಗೆ ಮೂರು ಧನ ವಿದ್ಯುದಂಶಗಳು. ಜಿಪ್ಸಮ್ಮಿನ ಕ್ಯಾಲ್ಸಿಯಂ ಅಯಾನಿಗೆ ಎರಡು. ಇವು ಬಂದು ಸೇರಿದರೆ ಋಣಾಂಶದ ಬಲ ಕುಗ್ಗಿ ಕಣಗಳ ಜಗಳ ನಿಲ್ಲುತ್ತದೆ. ಅವು ಗಂಟುಗೂಡಿ, ಭಾರವಾಗಿ, ಕೆಳಗಿಳಿಯುತ್ತವೆ.

“ಹಾಗಾದರೆ ನಾನು ಹಾಕಿದ್ದು ಸರಿಯಾದ ವಸ್ತುವೇ ಅಲ್ಲವೇನಮ್ಮ?” ಎಂದೆ.

“ವಸ್ತು ಸರಿ ಸಾರ್, ಅಳತೆ ತಪ್ಪು” ಎಂದಳು. “ಪಟಿಕ ನೀರನ್ನು ಆಮ್ಲೀಯ ಮಾಡುತ್ತದೆ. ಗಡಸುನೀರು ಅದನ್ನು ಸ್ವಲ್ಪಮಟ್ಟಿಗೆ ತಡೆದುಕೊಳ್ಳುತ್ತದೆ. ನಿಮ್ಮ ಹೊಂಡದ್ದು ಬರಿಯ ಮಳೆನೀರು, ತಡೆಯಲಾರದು.”

ಮಾತು ಸಾಲದೆಂದು ಪರೀಕ್ಷೆಯನ್ನೂ ಮಾಡಿ ತೋರಿಸಿದಳು. ಹತ್ತು ಗ್ರಾಂ ಪಟಿಕವನ್ನು ಒಂದು ಲೀಟರು ನೀರಿನಲ್ಲಿ ಕರಗಿಸಿದಳು. ಒಂದೊಂದು ಲೀಟರು ಬಗ್ಗಡ ನೀರಿರುವ ಐದು ಗಾಜಿನ ಜಾಡಿಗಳನ್ನು ಸಾಲಾಗಿಟ್ಟಳು. ಮೊದಲನೆಯದಕ್ಕೆ ಏನೂ ಹಾಕಲಿಲ್ಲ. ಉಳಿದವಕ್ಕೆ ಆ ದ್ರಾವಣವನ್ನು ಕ್ರಮವಾಗಿ ಒಂದು, ಎರಡು, ನಾಲ್ಕು, ಎಂಟು ಮಿಲಿಲೀಟರಿನಂತೆ ಹಾಕಿ ಕಲಕಿದಳು. ಸ್ವಲ್ಪ ಹೊತ್ತಿನಲ್ಲಿ ಮೂರನೆಯ ಜಾಡಿಯಲ್ಲೇ ಮಣ್ಣು ಚಕ್ಕೆಚಕ್ಕೆಯಾಗಿ ಇಳಿಯತೊಡಗಿತು. ಎಂದರೆ ಲೀಟರಿಗೆ 20 ಮಿಲಿಗ್ರಾಂ ಸಾಕು. ಐದನೆಯ ಜಾಡಿಯಲ್ಲಿ ಪರೀಕ್ಷಾಕಾಗದವನ್ನು ಅದ್ದಿದಾಗ ಅದರ ಬಣ್ಣ ಆಮ್ಲದ ಕಡೆಗೆ ತಿರುಗಿತು. ನಾನು ಹೊಂಡಕ್ಕೆ ಸುರಿದದ್ದು ಆ ಐದನೆಯ ಜಾಡಿಗಿಂತಲೂ ಹೆಚ್ಚಿನ ಪ್ರಮಾಣ. ನಾನು ತಲೆ ತಗ್ಗಿಸಿ ಜಾಡಿಗಳನ್ನೇ ನೋಡುತ್ತಿದ್ದೆ. ಅವಳು ನನ್ನನ್ನು ಗದರಲಿಲ್ಲ.

ಮೀನು ಸಾಕುವ ನೀರಿಗೆ ಜಿಪ್ಸಂ ಮೇಲು, ಅದು ನೀರನ್ನು ಆಮ್ಲೀಯಗೊಳಿಸುವುದಿಲ್ಲ, ಆದರೆ ಪಟಿಕಕ್ಕಿಂತ ಹೆಚ್ಚು ಬೇಕಾಗುತ್ತದೆ ಎಂದಳು. ಅದಕ್ಕೂ ಜಾಡಿಗಳ ಪರೀಕ್ಷೆ ನಡೆಯಿತು. ಒಟ್ಟು ನಲವತ್ತು ಕೆ.ಜಿ. ಎಂದು ಲೆಕ್ಕ ಬಂತು. ಜಿಪ್ಸಮ್ಮಿಗಾಗಿ ಪೇಟೆಗೆ ಹೋಗಬೇಕಾಗಿರಲಿಲ್ಲ. ಕಡಲೆಕಾಯಿಗೆ ಹಾಕಲೆಂದು ನಮ್ಮ ಕಡೆಯ ರೈತರು ಅದನ್ನು ತಂದಿಟ್ಟಿರುತ್ತಾರೆ. ನೀರಿನಲ್ಲಿ ಕದಡಿ, ಎರಡು ಕಂತಿನಲ್ಲಿ, ಹೊಂಡದ ಮೇಲೆಲ್ಲ ಎರಚಿದೆವು. ವಾರದೊಳಗೆ ನೀರು ತಿಳಿಯಾಯಿತು. ಲೋಕವನ್ನು ಗೆದ್ದವನಂತೆ ಹಿಗ್ಗಿದೆ.

ಆ ಹಿಗ್ಗು ಮರುವರ್ಷದ ಮೊದಲ ಮಳೆಯವರೆಗೆ ಮಾತ್ರ. 2021ರ ಮುಂಗಾರಿನ ಒಂದು ಸಂಜೆ ಜೋರಾಗಿ ಮಳೆ ಹೊಡೆಯಿತು; ಬೆಳಗಾಗುವಾಗ ಹೊಂಡ ಮತ್ತೆ ಚಹಾ! ನಾನು ಮತ್ತೊಂದು ಮೂಟೆ ಜಿಪ್ಸಂ ತರಿಸುವ ಯೋಚನೆಯಲ್ಲಿದ್ದೆ. ಪಕ್ಕದ ಹೊಲದ ಹಿರಿಯಾಕೆ, ನಾನು ಅಕ್ಕ ಎಂದು ಕರೆಯುವವರು, ದಡಕ್ಕೆ ಬಂದು ನಿಂತು ಸೊಂಟದ ಮೇಲೆ ಕೈಯಿಟ್ಟರು.

“ಮೇಷ್ಟ್ರೇ, ಹೊಂಡಕ್ಕೆ ಮದ್ದು ಹಾಕ್ತಾನೇ ಇದ್ದೀರಿ. ಕಾಯಿಲೆ ಇರೋದು ಹೊಂಡಕ್ಕಾ, ಹೊಲಕ್ಕಾ? ಮಳೆ ಬರೋವಾಗ ಮನೇಲಿ ಕೂತ್ಕೋಬೇಡಿ, ಬಂದು ನೋಡಿ” ಎಂದರು.

ಮುಂದಿನ ಮಳೆಗೆ ಗೊಪ್ಪೆ ಹೊದ್ದು ಅವರೊಡನೆ ಹೋದೆ. ನೋಡಿದ್ದು ಇದು: ನನ್ನ ಹೊಲವನ್ನು ಸಾಲುಗಳು ನೇರವಾಗಿ ಕಾಣಲೆಂದು ಮೇಲಿನಿಂದ ಕೆಳಕ್ಕೆ, ಇಳಿಜಾರಿನ ಗುಂಟ ಉಳಿಸಿದ್ದೆ. ಪ್ರತಿಯೊಂದು ನೇಗಿಲ ಸಾಲೂ ಪುಟ್ಟ ಕಾಲುವೆಯಾಗಿ, ಹೊಲದ ಮೇಲ್ಮಣ್ಣನ್ನು ಹೊತ್ತು ಹೊಂಡಕ್ಕೆ ಓಡುತ್ತಿತ್ತು. ಬದುಗಳು ಬೋಳಾಗಿದ್ದವು. ದಡಕ್ಕೆ ಮೆತ್ತಿದ್ದ ಗೋಡುಮಣ್ಣು ಹನಿಯ ಹೊಡೆತಕ್ಕೆ ಕರಗಿ ಇಳಿಯುತ್ತಿತ್ತು. ಅಕ್ಕನ ಹೊಲದಲ್ಲಿಯೂ ಅದೇ ಮಳೆ. ಆದರೆ ಅವರ ಸಾಲುಗಳು ಇಳಿಜಾರಿಗೆ ಅಡ್ಡಲಾಗಿದ್ದವು, ಬದುವಿನ ಮೇಲೆ ಗರಿಕೆ ಹಬ್ಬಿತ್ತು. ಅಲ್ಲಿಂದ ಹೊರಬಿದ್ದ ಅಲ್ಪಸ್ವಲ್ಪ ನೀರು ಹೆಚ್ಚು ಕೆಂಪಾಗಿರಲಿಲ್ಲ. ಹೊಂಡದ ನೀರನ್ನು ಕೆಡಿಸುತ್ತಿದ್ದವನು ನಾನೇ. ಹೊಂಡ ನನ್ನ ಹೊಲವನ್ನು ಇದ್ದಂತೆಯೇ ತೋರಿಸುತ್ತಿತ್ತು.

ಅಂದಿನಿಂದ ಮೂಟೆಯ ಕೆಲಸ ನಿಂತು ಗುದ್ದಲಿಯ ಕೆಲಸ ಶುರುವಾಯಿತು. ಇಳಿಜಾರಿಗೆ ಅಡ್ಡಲಾಗಿ ಉಳುಮೆ ಮಾಡಿಸಿದೆ. ಬದುಗಳನ್ನು ಎತ್ತರಿಸಿ ಲಾವಂಚ ನೆಡಿಸಿದೆ. ಹೊಂಡದ ದಡಕ್ಕೆ ಗರಿಕೆಯ ಹೆಪ್ಪೆಗಳನ್ನು ಹಾಸಿದೆ. ನೀರು ಹೊಂಡಕ್ಕಿಳಿಯುವ ಮೊದಲು ನಿಂತು ಹೂಳನ್ನು ಬಿಟ್ಟುಬರಲೆಂದು ಬಾಯಲ್ಲಿ ಒಂದು ಗುಂಡಿ ತೋಡಿಸಿದೆ. ಆ ಗುಂಡಿಯಲ್ಲಿ ನಿಂತ ಮಣ್ಣನ್ನು ವರ್ಷವರ್ಷವೂ ಹೊಲಕ್ಕೇ ಹಿಂತಿರುಗಿಸುತ್ತೇನೆ; ಅದು ಹೊಲದ ಸೊತ್ತು. ಸಾಮಾನ್ಯ ಗೆಂಡೆಮೀನು ಆಹಾರ ಹುಡುಕುತ್ತ ತಳದ ಕೆಸರನ್ನು ಕೆದಕುತ್ತದೆಂದು ತಿಳಿದ ಮೇಲೆ ಅದನ್ನು ಮತ್ತೆ ಬಿಡಲಿಲ್ಲ. ನೀರು ಕನ್ನಡಿಯಂತಾಗಬೇಕೆಂಬ ಹಟವನ್ನೂ ಬಿಟ್ಟೆ. ಬಗ್ಗಡದಲ್ಲಿ ಬಿಸಿಲು ಒಳಗಿಳಿಯದೆ ಮೀನಿಗೆ ಆಹಾರವಾಗುವ ಸೂಕ್ಷ್ಮಪಾಚಿ ಬೆಳೆಯುವುದಿಲ್ಲ, ನಿಜ. ಆದರೆ ತಳ ಕಾಣುವಷ್ಟು ಶುಭ್ರವಾದ ನೀರಿನಲ್ಲಿಯೂ ಆ ಆಹಾರ ಹೆಚ್ಚಿರುವುದಿಲ್ಲ. ಮೊಣಕೈಯವರೆಗೆ ಕೈ ಅದ್ದಿದಾಗ ಅಂಗೈ ಮಸುಕಾಗಿ ಕಾಣುವಷ್ಟು ತಿಳಿಹಸಿರು ಇದ್ದರೆ ಮೀನಿಗೆ ಹಿತ.

2022ರಲ್ಲಿ ನಮ್ಮ ಕಡೆ ಮಳೆ ವಿಪರೀತವಾಗಿ ಸುರಿಯಿತು. ಆದರೂ ಹೊಂಡಕ್ಕೆ ಬಂದ ಕೆಂಪುನೀರು ಒಂದೊಂದು ವಾರದೊಳಗೆ ತಾನಾಗಿ ತಿಳಿಯಾಗುತ್ತಿತ್ತು. ಯಾವ ಮದ್ದನ್ನೂ ಹಾಕಲಿಲ್ಲ. ಆ ವರ್ಷದ ದಸರಾ ರಜೆಗೆ ಮೊಮ್ಮಗಳು ಬಂದಳು. ಆಗ ಆರನೆಯ ತರಗತಿ. ಸಂಜೆ ಇಬ್ಬರೂ ದಡದ ಗರಿಕೆಯ ಮೇಲೆ ಕುಳಿತೆವು. ಅವಳು ಒಂದು ಹಿಡಿ ಅಕ್ಕಿತೌಡು ಎರಚಿದಳು. ಮೊದಲು ನೆರಳುಗಳು ಕಂಡವು, ಆಮೇಲೆ ಬೆನ್ನುಗಳು, ಆಮೇಲೆ ಬಾಯಿ ತೆರೆದ ಮೀನುಗಳು. ಅವಳು ಚಪ್ಪಾಳೆ ತಟ್ಟಲಿಲ್ಲ, ಕೂಗಲಿಲ್ಲ. ಬಹಳ ಹೊತ್ತು ನೋಡಿ, “ಇವಕ್ಕೆ ರೋಗ ಬರುವುದಿಲ್ಲ ತಾನೆ, ತಾತ?” ಎಂದಳು.

ನೀರು ತಿಳಿಯಾಗಿತ್ತು. ಕದಡಿಕೊಂಡು ಉಳಿದದ್ದು ಒಂದೇ ಒಂದು, ಅದು ನನ್ನೊಳಗಿತ್ತು. ಎರಡು ವರ್ಷಗಳಿಂದ ಅದು ತಾನಾಗಿ ತಳಕ್ಕಿಳಿಯುವುದೆಂದು ಕಾದಿದ್ದೆ. ಇಳಿದಿರಲಿಲ್ಲ.

“ಆಗಲೂ ರೋಗ ಬಂದಿರಲಿಲ್ಲ, ಮಗು” ಎಂದೆ. “ನಾನು ಒಂದು ಮೂಟೆ ಪಟಿಕ ಸುರಿದುಬಿಟ್ಟೆ. ನೀನು ಮೀನನ್ನು ನೋಡಬೇಕೆಂದು ಸುರಿದೆ. ಎಷ್ಟು ಹಾಕಬೇಕೆಂದು ಯಾರನ್ನೂ ಕೇಳಲಿಲ್ಲ. ಅವು ಸತ್ತದ್ದು ನನ್ನಿಂದ. ನಿನಗೆ ಸುಳ್ಳು ಹೇಳಿದೆ.”

ಅವಳು ನನ್ನ ಮುಖ ನೋಡಲಿಲ್ಲ, ನೀರನ್ನೇ ನೋಡುತ್ತಿದ್ದಳು. ಸ್ವಲ್ಪ ಹೊತ್ತಾದ ಮೇಲೆ, “ಎಷ್ಟು ಹಾಕಬೇಕಾಗಿತ್ತು?” ಎಂದು ಕೇಳಿದಳು.

“ಸಾವಿರ ಲೀಟರಿಗೆ 20 ಗ್ರಾಂ ಸಾಕಾಗಿತ್ತು.”

ಅವಳು ಒಂದು ಕಡ್ಡಿ ಎತ್ತಿಕೊಂಡು ದಡದ ಹಸಿಮಣ್ಣಿನ ಮೇಲೆ ಬರೆಯತೊಡಗಿದಳು. ಹತ್ತು ಹತ್ತಲ ನೂರು. ನೂರೆರಡಲ ಇನ್ನೂರು ಘನ ಮೀಟರು. ಒಂದು ಘನ ಮೀಟರಿಗೆ ಸಾವಿರ ಲೀಟರು. ಇನ್ನೂರನ್ನು ಇಪ್ಪತ್ತರಿಂದ ಗುಣಿಸಿ ನಾಲ್ಕು ಸಾವಿರ ಗ್ರಾಂ ಎಂದು ಬರೆದು, ಕೆಳಗೆ ಎರಡು ಗೆರೆ ಎಳೆದಳು.

“ನಾಲ್ಕು ಕೆ.ಜಿ., ತಾತ” ಎಂದಳು. ಕಡ್ಡಿಯನ್ನು ನನ್ನ ಕೈಗೆ ಕೊಟ್ಟು, “ಸರಿಯಿದೆಯೇ ನೋಡಿ” ಎಂದಳು.

ಸರಿಯಿತ್ತು. ಅವಳ ಲೆಕ್ಕದ ಪಕ್ಕದಲ್ಲಿ, ಜೀವಮಾನವೆಲ್ಲ ಮಕ್ಕಳ ಪುಸ್ತಕಗಳಲ್ಲಿ ಹಾಕಿದಂತೆಯೇ, ಒಂದು ಸರಿ ಗುರುತು ಹಾಕಿದೆ. ನಾವು ಏಳುವ ಹೊತ್ತಿಗೆ ಮೀನುಗಳು ತೌಡು ಮುಗಿಸಿ ಕೆಳಗಿಳಿದಿದ್ದವು.